ಗೆರೆ ಬಲ್ಲ ಗಾಡಿ, ದಾರಿ ಬಲ್ಲ ಸಾರಥಿ

ಬದುಕಿಗೆ ನೆರವಾಗುವ ವಸ್ತುವೊಂದು ಮನೆಗೆ ಬಂದಾಗ ಅದಕ್ಕೆ ಪೂಜೆ ಸಲ್ಲಿಸುವುದು ನಮ್ಮ ಸೀಮೆಯ ಒಕ್ಕಲು ಮನೆತನಗಳ ಸಂಪ್ರದಾಯ. ಕೂರಿಗೆಗೂ ಪೂಜೆ, ಚಕ್ಕಡಿಗೂ ಪೂಜೆ, ಟ್ರ್ಯಾಕ್ಟರಿಗೂ ಪೂಜೆ. ಇದರ ಹಿಂದಿನ ಅರ್ಥವನ್ನು ಅರಸಿದರೆ, ನಮ್ಮೊಡನೆ ದುಡಿಯಲು ಬಂದುದನ್ನು ಗೌರವದಿಂದ ಕಾಣಬೇಕು, ಅದರ ಗುಣಸ್ವಭಾವಗಳನ್ನು ಅರಿತು ಬಳಸಬೇಕು ಎಂಬ ತಿಳಿವಳಿಕೆಯೇ ದೊರೆಯುತ್ತದೆ. ಸಂತೆಯಲ್ಲಿ ಎತ್ತು ಕೊಳ್ಳುವ ರೈತನು ಅದರ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಎಡಕ್ಕೆ ಹೂಡುವ ಎತ್ತೋ ಬಲಕ್ಕೆ ಹೂಡುವ ಎತ್ತೋ, ಬೆದರುವ ಸ್ವಭಾವವುಂಟೋ ಎಂದು ವಿಚಾರಿಸಿಯೇ ಹಣ ಎಣಿಸುತ್ತಾನೆ. ಅದೇ ಮನೆತನದವರು ಹತ್ತಿಪ್ಪತ್ತು ಲಕ್ಷ ರೂಪಾಯಿ ತೆತ್ತು ಕಾರು ತರುವಾಗ ಬಣ್ಣವನ್ನೂ ಮೈಲೇಜನ್ನೂ ಕೇಳಿ ಸುಮ್ಮನಾಗುವುದನ್ನು ನಾವು ಕಾಣುತ್ತಿದ್ದೇವೆ. ಆ ಕಾರಿನ ನಡೆ ಎಂತಹುದು, ಅದು ಯಾವಾಗ ಬೆದರುತ್ತದೆ ಎಂಬುದನ್ನು ಕೇಳುವವರು ವಿರಳ. ಈ ತಿಂಗಳ ಅಂಕಣದಲ್ಲಿ ಅದೇ ವಿಷಯವನ್ನು ಸದ್ಭಕ್ತರ ಮುಂದಿಡಬೇಕೆಂದು ಬಯಸಿದ್ದೇವೆ.

ನವಲಗುಂದ ಭಾಗದ ಹಿರಿಯ ಒಕ್ಕಲಿಗರೊಬ್ಬರು ಕೆಲ ದಿನಗಳ ಹಿಂದೆ ನಮ್ಮಲ್ಲಿಗೆ ಬಂದು ಚಿಂತಾಕ್ರಾಂತರಾಗಿ ಕುಳಿತರು. ಅವರ ಮಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವನು; ಹೊಸ ಕಾರು ಕೊಂಡು ಊರಿಗೆ ತಂದಿದ್ದನು. ಸಂಜೆಯ ಹೊತ್ತು ಹುಬ್ಬಳ್ಳಿಯಿಂದ ಮನೆಯವರೆಲ್ಲ ಮರಳುತ್ತಿದ್ದಾಗ ಕಾರು ನಡೆಸುತ್ತಿದ್ದವನು ಊರಿನ ಚಾಲಕ. ಮುಂದೆ ಕಣಿಕೆ ಹೇರಿದ ಚಕ್ಕಡಿಯೊಂದು ದೀಪವಿಲ್ಲದೆ ಸಾಗುತ್ತಿತ್ತು. ಅದನ್ನು ದಾಟಲೆಂದು ಆತ ಬಲಕ್ಕೆ ಸರಿದನಂತೆ. ಒಡನೆಯೇ ಸ್ಟೀರಿಂಗು ಕೈಯಲ್ಲಿ ಅದುರಿ, ಯಾರೋ ಹಿಡಿದೆಳೆದಂತೆ ಎಡಕ್ಕೆ, ಚಕ್ಕಡಿಯ ಕಡೆಗೇ ಹೊರಳಿತು. ಆತ ಗಾಬರಿಯಿಂದ ಬ್ರೇಕು ತುಳಿದ ಕಾರಣ ಅನಾಹುತ ತಪ್ಪಿತು. ಹಿಂದಿನ ಆಸನದಲ್ಲಿ ಮೊಮ್ಮಗಳು ಅಜ್ಜಿಯ ತೊಡೆಯ ಮೇಲೆ ಮಲಗಿದ್ದಳು. “ಶಾಸ್ತ್ರಿಗಳ್ರೀ, ಗಾಡಿ ತನ್ನಷ್ಟಕ್ಕ ತಾನ ಹೊಳ್ಳತೈತ್ರಿ. ಯಾರದರೆ ಕಣ್ಣು ಬಿದ್ದಿರಬೇಕೇನ್ರಿ?” ಎಂದು ಆ ಹಿರಿಯರು ಕೇಳಿದರು. ಲಿಂಬೆಹಣ್ಣು ಇಳಿತೆಗೆದು ಒಗೆದದ್ದೂ ಆಗಿತ್ತು.

ಕಣ್ಣು ಬಿದ್ದದ್ದು ನಿಜ. ಆದರೆ ಅದು ನೆರೆಹೊರೆಯವರ ಕಣ್ಣಲ್ಲ, ಕಾರಿನದೇ ಕಣ್ಣು. ಹೊಸ ಕಾರುಗಳ ಮುಂಗಾಜಿನ ಒಳಬದಿಯಲ್ಲಿ, ಹಿನ್ನೋಟದ ಕನ್ನಡಿಯ ಹಿಂದೆ ಒಂದು ಪುಟ್ಟ ಕ್ಯಾಮೆರಾ ಇರುತ್ತದೆ. ಚಾಲಕನಿಗೆ ನೆರವಾಗುವ ಈ ಏರ್ಪಾಡುಗಳಿಗೆಲ್ಲ ಒಟ್ಟಾಗಿ ‘ಅಡಾಸ್’ ಎಂದು ಹೆಸರು. ಮುಂದಿನ ವಾಹನದಿಂದ ಅಂತರ ಕಾಯುವುದು, ಡಿಕ್ಕಿಯಾಗುವ ಸಂಭವ ಕಂಡರೆ ತಾನೇ ಬ್ರೇಕು ಹಾಕುವುದು, ರಸ್ತೆಯ ಗೆರೆ ದಾಟದಂತೆ ಸ್ಟೀರಿಂಗನ್ನು ಹಿಂದಕ್ಕೆ ತಿರುಗಿಸುವುದು ಇವು ಇದರ ಅಂಗಗಳು. ಕೊನೆಯದಕ್ಕೆ ‘ಲೇನ್ ಕೀಪ್ ಅಸಿಸ್ಟ್’ ಎನ್ನುತ್ತಾರೆ. ನಮ್ಮ ಹಿರಿಯರನ್ನು ಬೆಚ್ಚಿಬೀಳಿಸಿದ್ದು ಇದೇ.

ಇದರ ಕಾರ್ಯವಿಧಾನವನ್ನು ಎರೆಹೊಲದ ಚಕ್ಕಡಿ ಜಾಡಿನಿಂದ ಸುಲಭವಾಗಿ ಗ್ರಹಿಸಬಹುದು. ಮಳೆಗಾಲದ ಹಸಿ ಎರೆಯಲ್ಲಿ ಗಾಲಿಗಳು ಕೊರೆದ ಜಾಡು ಬೇಸಗೆಯಲ್ಲಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಅನಂತರ ಬರುವ ಚಕ್ಕಡಿ ಆ ಜಾಡಿನಲ್ಲಿಯೇ ಹೋಗುತ್ತದೆ. ಹೊರಗೆ ತೆಗೆಯಬೇಕೆಂದರೆ ಎತ್ತುಗಳನ್ನು ಗದರಿಸಿ ಎಳೆಸಬೇಕು. ಹೊಸ ಕಾರಿಗೆ ಡಾಂಬರಿನ ಮೇಲೆ ಬಳಿದ ಬಿಳಿ ಹಳದಿ ಗೆರೆಗಳೇ ಜಾಡು. ಕ್ಯಾಮೆರಾ ಆ ಗೆರೆಗಳನ್ನು ನೋಡುತ್ತದೆ. ಅದರೊಡನಿರುವ ಗಣಕವು ಕಾರು ಗೆರೆಯಿಂದ ಎಷ್ಟು ದೂರವಿದೆ, ಎಷ್ಟು ಬೇಗ ಅದರ ಕಡೆ ಸರಿಯುತ್ತಿದೆ ಎಂದು ಲೆಕ್ಕ ಹಾಕುತ್ತದೆ. ಹಿಂದಿನ ಅಂಬಾಸಿಡರ್ ಕಾರಿನ ಸ್ಟೀರಿಂಗು ತಿರುಗಿಸಲು ತೋಳ್ಬಲ ಬೇಕಿತ್ತು. ಈಗಿನ ಕಾರುಗಳಲ್ಲಿ ಆ ಶ್ರಮವನ್ನು ಹಗುರಗೊಳಿಸಲು ವಿದ್ಯುತ್ ಮೋಟಾರು ಇರುತ್ತದೆ. ಚಾಲಕನ ಕೈಗೆ ನೆರವಾಗುವ ಆ ಮೋಟಾರಿಗೆ ಈಗ ಗಣಕವೂ ಆಜ್ಞೆ ಕೊಡಬಲ್ಲುದು. ಬಹಳಷ್ಟು ಕಾರುಗಳಲ್ಲಿ ವೇಗವು ಗಂಟೆಗೆ ಸುಮಾರು 60 ಕಿಲೋಮೀಟರು ದಾಟಿದ ಬಳಿಕವೇ ಈ ವ್ಯವಸ್ಥೆ ಎಚ್ಚರಗೊಳ್ಳುತ್ತದೆ. ಆದುದರಿಂದಲೇ ಊರೊಳಗೆ ಸಾಧುವಾಗಿದ್ದ ಕಾರು ಹೆದ್ದಾರಿಗೆ ಬಂದೊಡನೆ ಬೇರೆ ಸ್ವಭಾವ ತೋರಿದಂತೆ ಭಾಸವಾಗುತ್ತದೆ.

ಹಾಗಾದರೆ ಬೇಕೆಂದೇ ಗೆರೆ ದಾಟುವವನನ್ನೂ, ತೂಕಡಿಸಿ ಗೆರೆ ದಾಟುವವನನ್ನೂ ಯಂತ್ರವು ಬೇರ್ಪಡಿಸುವುದು ಹೇಗೆ? ಇಂಡಿಕೇಟರ್ ದೀಪದಿಂದ. ಬಲಕ್ಕೆ ಸರಿಯುವ ಮುನ್ನ ಬಲದ ಇಂಡಿಕೇಟರ್ ಹಾಕಿದರೆ, “ಚಾಲಕನು ಎಚ್ಚರವಾಗಿದ್ದಾನೆ, ತಿಳಿದೇ ಸರಿಯುತ್ತಿದ್ದಾನೆ” ಎಂದು ಯಂತ್ರವು ಭಾವಿಸಿ ಸುಮ್ಮನಿರುತ್ತದೆ. ಹಾಕದಿದ್ದರೆ ಆತನಿಗೆ ನಿದ್ದೆ ಹತ್ತಿದೆ ಎಂದು ಬಗೆದು ಸ್ಟೀರಿಂಗನ್ನು ಮೊದಲಿನ ಜಾಡಿಗೆ ತಿರುಗಿಸುತ್ತದೆ. ನವಲಗುಂದದ ದಾರಿಯಲ್ಲಿ ನಡೆದದ್ದು ಇಷ್ಟೇ. ಚಾಲಕನು ಇಪ್ಪತ್ತು ವರುಷಗಳ ರೂಢಿಯಂತೆ ಹಾರ್ನ್ ಹೊಡೆದು ಬಲಕ್ಕೆ ಸರಿದನು. ಯಂತ್ರಕ್ಕೆ ಹಾರ್ನಿನ ಮಾತು ತಿಳಿಯದು. ಚಕ್ಕಡಿಯ ಮೇಲೆ ಕುಳಿತವನ ಪ್ರಾಣದ ಬೆಲೆಯೂ ಆ ಗೆರೆ ಕಾಯುವ ಭಾಗಕ್ಕೆ ತಿಳಿಯದು.

ಇಂತಹ ತೊಡಕಿನ ಯಂತ್ರವನ್ನು ಏಕೆ ಮಾಡಿದರು ಎಂಬ ಪ್ರಶ್ನೆ ಸಹಜ. ಇದರ ಬೇರು ಹಳೆಯದು. ಜರ್ಮನಿಯ ಮ್ಯೂನಿಕ್ ನಗರದ ಸೈನಿಕ ವಿಶ್ವವಿದ್ಯಾಲಯದಲ್ಲಿ ಅರ್ನ್ಸ್ಟ್ ಡಿಕ್‌ಮನ್ಸ್ ಎಂಬ ವಿಜ್ಞಾನಿಯು 1980ರ ದಶಕದಲ್ಲಿಯೇ ಕ್ಯಾಮೆರಾದಿಂದ ದಾರಿ ನೋಡಿ ನಡೆಯುವ ವಾಹನವನ್ನು ಸಿದ್ಧಪಡಿಸಿದ್ದರು. 2001ರಲ್ಲಿ ಜಪಾನಿನ ನಿಸಾನ್ ಕಂಪನಿಯು ತನ್ನ ಸೀಮಾ ಎಂಬ ಕಾರಿನಲ್ಲಿ ಗೆರೆ ಕಾಯುವ ವ್ಯವಸ್ಥೆಯನ್ನು ಮಾರಾಟಕ್ಕೆ ತಂದಿತು. ನಮ್ಮ ದೇಶದಲ್ಲಿ 2021ರಲ್ಲಿ ಎಂಜಿ ಆಸ್ಟರ್, ಮಹೀಂದ್ರಾ ಎಕ್ಸ್‌ಯುವಿ 700 ಮುಂತಾದ ಕಾರುಗಳ ಮೂಲಕ ಇದು ಮಧ್ಯಮವರ್ಗದ ಮನೆಯಂಗಳಕ್ಕೆ ಬಂದಿತು. ಯುರೋಪ್ ಒಕ್ಕೂಟದಲ್ಲಿಯಂತೂ 2024ರ ಜುಲೈನಿಂದ ಮಾರಾಟವಾಗುವ ಪ್ರತಿಯೊಂದು ಹೊಸ ಕಾರಿನಲ್ಲಿಯೂ ತುರ್ತಿನಲ್ಲಿ ಗೆರೆ ಕಾಯುವ ವ್ಯವಸ್ಥೆ ಇರಲೇಬೇಕೆಂದು ಕಾನೂನಾಗಿದೆ.

ಇದರಿಂದ ಪ್ರಯೋಜನವೂ ಉಂಟು. ಗೆರೆ ದಾಟುವಾಗ ಎಚ್ಚರಿಸುವ ಸಾಧನವಿದ್ದ ಕಾರುಗಳನ್ನು ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆಯು ಪರಿಶೀಲಿಸಿ 2017ರಲ್ಲಿ ವರದಿ ನೀಡಿತು. ದಾರಿ ತಪ್ಪಿ ಉರುಳುವುದು, ಪಕ್ಕದ ವಾಹನಕ್ಕೆ ಒರೆಸುವುದು, ಎದುರುಬದುರು ಡಿಕ್ಕಿಯಾಗುವುದು ಈ ಬಗೆಯ ಅಪಘಾತಗಳು ಶೇಕಡಾ 11ರಷ್ಟು, ಅವುಗಳಲ್ಲಿ ಗಾಯಗಳಾಗುವಂಥವು ಶೇಕಡಾ 21ರಷ್ಟು ತಗ್ಗಿದ್ದು ಕಂಡುಬಂದಿತು. ನಮ್ಮ ದೇಶದಲ್ಲಿ 2022ರ ಒಂದೇ ವರುಷದಲ್ಲಿ ರಸ್ತೆ ಅಪಘಾತಗಳಲ್ಲಿ ಮಡಿದವರು 1,68,491 ಜನ. 2021ರ ಜನವರಿ 15ರ ಬೆಳಗ್ಗೆ ಹುಬ್ಬಳ್ಳಿ-ಧಾರವಾಡ ಬೈಪಾಸಿನ ಇಟ್ಟಿಗಟ್ಟಿಯ ಬಳಿ ದಾವಣಗೆರೆಯ ಗೆಳತಿಯರು ಗೋವೆಗೆ ಹೊರಟಿದ್ದ ವಾಹನವೂ ಟಿಪ್ಪರೂ ಡಿಕ್ಕಿ ಹೊಡೆದು ಹತ್ತಕ್ಕೂ ಹೆಚ್ಚು ಜೀವಗಳು ಹೋದುದನ್ನು ನಮ್ಮ ಜಿಲ್ಲೆ ಇಂದಿಗೂ ಮರೆತಿಲ್ಲ. ಆ ದುರಂತಕ್ಕೂ ಈ ಯಂತ್ರಕ್ಕೂ ಸಂಬಂಧವಿಲ್ಲ. ಆದರೆ ಎದುರುಬದುರಿನ ವಾಹನಗಳ ನಡುವೆ ತಡೆಯಿಲ್ಲದ ರಸ್ತೆಯಲ್ಲಿ ಡಿಕ್ಕಿಯಾದರೆ ಏನಾಗುತ್ತದೆ ಎಂಬುದನ್ನು ಅದು ನೆನಪಿಸುತ್ತದೆ. ನಿದ್ದೆಗಣ್ಣಿನ ಚಾಲಕನೊಬ್ಬನನ್ನು ಕ್ಷಣಮಾತ್ರದಲ್ಲಿ ತಡೆಯಬಲ್ಲ ಸಾಧನವನ್ನು ನಾವು ತಿರಸ್ಕರಿಸಲಾರೆವು.

ತೊಡಕಿರುವುದು ಆ ಸಾಧನವು ಕಲಿತ ದಾರಿಗೂ ನಮ್ಮ ದಾರಿಗೂ ಇರುವ ಅಂತರದಲ್ಲಿ. ಬೆಂಗಳೂರು-ಮೈಸೂರು ನಡುವಣ ಹೊಸ ಹೆದ್ದಾರಿಯಲ್ಲಿ ಗೆರೆಗಳು ಎದ್ದು ಕಾಣುತ್ತವೆ, ಎದುರಿನ ವಾಹನಗಳಿಗೆ ಬೇರೆ ಹಾದಿಯಿದೆ. ಮಗನು ಅಲ್ಲಿ ಕಾರು ನಡೆಸಿ ಮೆಚ್ಚಿಕೊಂಡಿರುತ್ತಾನೆ. ಅದೇ ಕಾರು ನಮ್ಮ ಸೀಮೆಗೆ ಬಂದಾಗ ಚಿತ್ರವೇ ಬದಲಾಗುತ್ತದೆ. ಹುಬ್ಬಳ್ಳಿಯಿಂದ ನವಲಗುಂದ, ನರಗುಂದಗಳ ಮೂಲಕ ವಿಜಯಪುರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 52, ಅದೇ ಹೆದ್ದಾರಿಯು ಕಲಘಟಗಿಯನ್ನು ಹಾದು ಯಲ್ಲಾಪುರದ ಕಡೆ ಇಳಿಯುವ ಭಾಗ, ಅಣ್ಣಿಗೇರಿಯ ಮೂಲಕ ಗದಗಿಗೆ ಸಾಗುವ ಹೆದ್ದಾರಿ 67, ಕುಂದಗೋಳದ ಮೂಲಕ ಲಕ್ಷ್ಮೇಶ್ವರದತ್ತ ಹೋಗುವ ರಸ್ತೆ ಇವುಗಳಲ್ಲಿ ಸಂಚರಿಸುವವರು ಬರಿಯ ಗೆರೆಯನ್ನು ನಂಬಿ ಹೋಗಲಾರರು. ಎರೆಭೂಮಿಯು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲೆ ಹಾಸಿದ ರಸ್ತೆಯ ಅಂಚು ಕುಸಿದು ಅಲೆಅಲೆಯಾಗುತ್ತದೆ. ಬಲ್ಲ ಚಾಲಕನು ಅಂಚು ಬಿಟ್ಟು ನಡುವಿಗೆ ಸರಿದೇ ಓಡಿಸುತ್ತಾನೆ. ಮುಂಗಾರಿನಲ್ಲಿ ಟ್ರ್ಯಾಕ್ಟರಿನ ಗಾಲಿಗೆ ಮೆತ್ತಿದ ಎರೆಮಣ್ಣು ರಸ್ತೆಗೆ ಬಂದು ಗೆರೆಯನ್ನೇ ಮುಚ್ಚುತ್ತದೆ. ಕಾಮಗಾರಿ ನಡೆದಲ್ಲಿ ಹಳೆಯ ಗೆರೆ ಅರ್ಧ ಅಳಿಸಿ, ಹೊಸ ಗೆರೆ ಅದರ ಪಕ್ಕಕ್ಕೆ ಬಿದ್ದಿರುತ್ತದೆ. ಬಿರುಕಿಗೆ ಸುರಿದ ಡಾಂಬರಿನ ಪಟ್ಟಿಯೂ ಇಳಿಬಿಸಿಲಿಗೆ ಹೊಳೆದು ಗೆರೆಯಂತೆ ತೋರುತ್ತದೆ. ಇಂತಹ ಕಡೆಗಳಲ್ಲಿ ಕ್ಯಾಮೆರಾ ತಪ್ಪು ಗೆರೆಯನ್ನು ಹಿಡಿಯಬಹುದು, ಇಲ್ಲವೆ ಗೆರೆ ಕಾಣದೆ ಸದ್ದಿಲ್ಲದೆ ಕೆಲಸ ನಿಲ್ಲಿಸಬಹುದು. ಸ್ಟೀರಿಂಗು ತಾನೇ ತಿರುಗುತ್ತದೆ ಎಂದು ನಂಬಿ ಕೈ ಸಡಿಲಿಸಿದವನಿಗೆ ಎರಡನೆಯದೇ ಹೆಚ್ಚು ಅಪಾಯಕಾರಿ.

ರಸ್ತೆಯ ಮೇಲಿನ ಬದುಕನ್ನೂ ಗಮನಿಸಬೇಕು. ಹೆಸರಿನ ಸುಗ್ಗಿಯಲ್ಲಿ, ಗೋವಿನಜೋಳದ ರಾಶಿಯ ಕಾಲದಲ್ಲಿ ಡಾಂಬರು ರಸ್ತೆಯೇ ಕಣವಾಗುತ್ತದೆ. ಕಾಳು ಒಣಹಾಕಿ ಸುತ್ತ ಕಲ್ಲು ಇಟ್ಟಿರುತ್ತಾರೆ. ಕಬ್ಬು ಹೇರಿದ ಟ್ರ್ಯಾಕ್ಟರು ಎರಡೆರಡು ಟ್ರೇಲರುಗಳನ್ನು ಎಳೆದುಕೊಂಡು ತೇಲಾಡುತ್ತ ಹೋಗುತ್ತದೆ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಪಾದಯಾತ್ರೆ ಹೊರಟವರು ರಾತ್ರಿಯೂ ರಸ್ತೆಯಂಚಿನಲ್ಲಿ ನಡೆಯುತ್ತಾರೆ. ಭಾರತ ಹುಣ್ಣಿಮೆಯ ಉಳವಿ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯ ಭಕ್ತರು ಇಂದಿಗೂ ಚಕ್ಕಡಿ ಹೂಡಿಕೊಂಡು ಹೋಗುವುದನ್ನು ನಮ್ಮ ಓದುಗರು ಬಲ್ಲರು. ಇವರಿಗೆ ದಾರಿ ಬಿಡಲೆಂದು ಚಾಲಕನು ನಡುಗೆರೆಯ ಕಡೆ ಸರಿದಾಗ ಯಂತ್ರವು ಅವನನ್ನು ಮತ್ತೆ ಅಂಚಿಗೆ, ಅಂದರೆ ನಡೆಯುತ್ತಿರುವವರ ಕಡೆಗೆ, ತಳ್ಳಲು ನೋಡುತ್ತದೆ. ತಾನೇ ಬ್ರೇಕು ಹಾಕುವ ಇನ್ನೊಂದು ಅಂಗವು ಅಡ್ಡ ಬಂದ ಮನುಷ್ಯನನ್ನೋ ಬೈಕನ್ನೋ ಗುರುತಿಸೀತು. ಕಣಿಕೆ ಹೇರಿದ ಚಕ್ಕಡಿಯನ್ನು, ದೀಪವಿಲ್ಲದ ಟ್ರೇಲರನ್ನು ಕತ್ತಲೆಯಲ್ಲಿ ಗುರುತಿಸೀತೆಂಬ ಭರವಸೆ ಇಲ್ಲ.

ಹೀಗೆ ಸ್ಟೀರಿಂಗು ತಿರುಗಿದಾಗ ಏನು ಮಾಡಬೇಕು? ಮೊದಲನೆಯದು, ಬೆದರಬಾರದು. ಈ ಮೋಟಾರಿನ ಎಳೆತವು ಮನುಷ್ಯನ ಕೈಯನ್ನು ಮೀರುವಂಥದ್ದಲ್ಲ. ವಿಶ್ವಸಂಸ್ಥೆಯ ವಾಹನ ನಿಯಮಾವಳಿಯಲ್ಲಿ ಸ್ಟೀರಿಂಗಿಗೆ ಸಂಬಂಧಿಸಿದ 79ನೆಯ ನಿಯಮವು, ಇಂತಹ ವ್ಯವಸ್ಥೆಯನ್ನು ಮೀರಿ ತಿರುಗಿಸಲು ಚಾಲಕನಿಗೆ 50 ನ್ಯೂಟನ್ನಿಗಿಂತ ಹೆಚ್ಚು ಬಲ ಬೇಕಾಗಬಾರದೆಂದು ವಿಧಿಸಿದೆ. ಸುಮಾರು ಐದು ಕಿಲೋ ಜೋಳದ ಚೀಲವನ್ನು ಎತ್ತುವಷ್ಟು ಬಲವದು. ಎರಡೂ ಕೈಗಳಿಂದ ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದವನು ತಾನು ಬಯಸಿದ ಕಡೆಗೆ ಒಯ್ಯಬಲ್ಲನು. ಒಂದು ಕೈಯಲ್ಲಿ ಮೊಬೈಲನ್ನೋ ಎಲೆಯಡಿಕೆಯ ಚೀಲವನ್ನೋ ಹಿಡಿದು, ಇನ್ನೊಂದರ ಎರಡು ಬೆರಳನ್ನು ಸ್ಟೀರಿಂಗಿನ ಮೇಲಿಟ್ಟವನಿಗೆ ಮಾತ್ರ ಆ ಸಣ್ಣ ಎಳೆತವೂ ದೊಡ್ಡ ಹೊಡೆತವಾಗುತ್ತದೆ. ಗಾಬರಿಯಿಂದ ವಿರುದ್ಧ ದಿಕ್ಕಿಗೆ ಜಗ್ಗಿದರೆ ಕಾರು ಎದುರಿನ ವಾಹನದ ಮುಂದೆ ಹೋಗಿ ನಿಂತೀತು.

ಎರಡನೆಯದು, ಸ್ಟೀರಿಂಗಿನ ಪ್ರತಿಯೊಂದು ವಿಕಾರಕ್ಕೂ ಈ ವ್ಯವಸ್ಥೆಯೇ ಕಾರಣವೆಂದು ಸಮಾಧಾನಪಟ್ಟುಕೊಳ್ಳಲೂ ಬಾರದು. ನಿಜವಾದ ದೋಷಗಳೂ ಇರುತ್ತವೆ. 2024ರ ಅಕ್ಟೋಬರಿನಲ್ಲಿ ಹೋಂಡಾ ಕಂಪನಿಯು ಅಮೆರಿಕದಲ್ಲಿ ಸುಮಾರು 17 ಲಕ್ಷ ವಾಹನಗಳನ್ನು ದುರಸ್ತಿಗೆ ಹಿಂದಕ್ಕೆ ಕರೆಯಿತು. ಸ್ಟೀರಿಂಗಿನ ಗೇರುಪೆಟ್ಟಿಗೆಯೊಳಗಿನ ಹಲ್ಲುಗಾಲಿಯ ದೋಷದಿಂದ ಸ್ಟೀರಿಂಗು ತಿರುಗುವಾಗ ಅಂಟಿಕೊಂಡಂತಾಗುತ್ತಿತ್ತು. ಇವೆರಡನ್ನು ಬೇರ್ಪಡಿಸುವ ಸುಲಭ ಉಪಾಯವುಂಟು. ಕಾರನ್ನು ನಿಲ್ಲಿಸಿ ಗೆರೆ ಕಾಯುವ ವ್ಯವಸ್ಥೆಯನ್ನು ಆರಿಸಿರಿ. ಬಳಿಕ ವಾಹನಸಂಚಾರ ಕಡಿಮೆಯಿರುವ ಹೊತ್ತಿನಲ್ಲಿ ನಿಧಾನವಾಗಿ ನಡೆಸಿ ನೋಡಿರಿ. ಎಳೆತ ನಿಂತಿದ್ದರೆ ಅದು ವ್ಯವಸ್ಥೆಯ ಕೆಲಸ. ನಿಲ್ಲದೆ ಒಂದೇ ಕಡೆಗೆ ಎಳೆಯುತ್ತಿದ್ದರೆ ಟಯರಿನ ಗಾಳಿಯನ್ನೂ ಗಾಲಿಗಳ ಅಲೈನ್‌ಮೆಂಟನ್ನೂ ತೋರಿಸಬೇಕು. ತಿರುಗಿಸುವಾಗ ಬಿಗಿಯಾಗಿ ಸಿಕ್ಕಿಕೊಂಡಂತಾದರೆ ಅಥವಾ ಕೆಂಪು ದೀಪ ಬೆಳಗಿದರೆ ಆ ಕಾರಿನಲ್ಲಿ ದೂರ ಪ್ರಯಾಣ ಮಾಡದೆ ಕಂಪನಿಯ ಗ್ಯಾರೇಜಿಗೆ ತಿಳಿಸಬೇಕು.

ಮೂರನೆಯದು, ಕಾರಿನ ಕಣ್ಣನ್ನು ಕಾಪಾಡಬೇಕು. ನಮ್ಮಲ್ಲಿ ಪೂಜೆಯ ದಿನ ಮುಂಗಾಜಿನ ಮೇಲೆ ವಿಭೂತಿ ಬಳಿಯುತ್ತೇವೆ, ಕನ್ನಡಿಗೆ ಹೂಮಾಲೆ ಜೋಲಿಸುತ್ತೇವೆ, ಮುಂದಿನ ಬಂಪರಿಗೆ ಬಾಳೆದಿಂಡು, ಚೆಂಡುಹೂವಿನ ದಪ್ಪ ಹಾರ ಕಟ್ಟುತ್ತೇವೆ. ಕ್ಯಾಮೆರಾ ಇರುವುದು ಗಾಜಿನ ಮೇಲ್ಭಾಗದಲ್ಲಿ, ದೂರ ಅಳೆಯುವ ರೇಡಾರು ಇರುವುದು ಸಾಮಾನ್ಯವಾಗಿ ಮುಂಭಾಗದ ಜಾಲರಿ ಅಥವಾ ಬಂಪರಿನ ಹಿಂದೆ. ಅವುಗಳಿಗೆ ಮರೆಯಾಗದಂತೆ ಪೂಜೆ ಮಾಡಬಹುದು. ಮನೆಗೆ ಮರಳುವ ಮುನ್ನ ಹಾರ ತೆಗೆದು, ಗಾಜನ್ನು ಒರೆಸಿ ಹೊರಟರೆ ಭಕ್ತಿಗೆ ಯಾವ ಕೊರತೆಯೂ ಆಗದು. ಮುಂಗಾಜು ಒಡೆದು ಹೊಸದು ಕೂಡಿಸಿದಾಗ ಕ್ಯಾಮೆರಾವನ್ನು ಮತ್ತೆ ಅಳತೆಗೆ ಹೊಂದಿಸಬೇಕಾಗುತ್ತದೆ. ಅಗ್ಗವಾಯಿತೆಂದು ಗಾಜು ಮಾತ್ರ ಹಾಕಿಸಿಕೊಂಡು ಬಂದರೆ ಕಣ್ಣು ಓರೆಯಾದಂತೆಯೇ ಸರಿ.

ನಾಲ್ಕನೆಯದನ್ನು ನಾವು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುತ್ತೇವೆ. ನಮ್ಮ ಮನೆಗಳಲ್ಲಿ ಒಂದು ಕಾರಿಗೆ ಸಾರಥಿಗಳು ಹಲವರು. ಮಗ ಕೊಳ್ಳುತ್ತಾನೆ, ಅಳಿಯ ಓಡಿಸುತ್ತಾನೆ, ಮದುವೆಯ ದಿಬ್ಬಣಕ್ಕೆ ಸೋದರಮಾವ ಕೇಳಿ ಒಯ್ಯುತ್ತಾನೆ, ತಾಯಿಯನ್ನು ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ ಕರೆದೊಯ್ಯಬೇಕಾದಾಗ ಓಣಿಯ ಚಾಲಕನನ್ನು ಕರೆಯುತ್ತಾರೆ. ಕೀಲಿಕೈ ಕೊಡುವಾಗ ಡೀಸೆಲ್ ಎಷ್ಟಿದೆಯೆಂದು ಹೇಳುವವರು, “ಇಂಡಿಕೇಟರ್ ಹಾಕದೆ ಬದಿಗೆ ಸರಿದರೆ ಸ್ಟೀರಿಂಗು ಎಳೆಯುತ್ತದೆ” ಎಂಬ ಒಂದು ಮಾತನ್ನೂ ಹೇಳಬೇಕು. ಆರಿಸುವ ಗುಂಡಿ ಎಲ್ಲಿದೆ ಎಂದು ತೋರಿಸಬೇಕು. ಕೆಲವು ಕಾರುಗಳಲ್ಲಿ ಒಮ್ಮೆ ಆರಿಸಿದರೂ ಮರಳಿ ಚಾಲೂ ಮಾಡಿದಾಗ ವ್ಯವಸ್ಥೆ ತಾನೇ ಎಚ್ಚರಗೊಂಡಿರುತ್ತದೆ; ಪ್ರತಿ ಪ್ರಯಾಣದ ಆರಂಭದಲ್ಲಿ ಪರದೆಯ ಮೇಲಿನ ಚಿಹ್ನೆಯನ್ನು ನೋಡಿಕೊಳ್ಳಬೇಕು. ಗೆರೆ ನಿಚ್ಚಳವಾಗಿರುವ ಅಗಲ ಹೆದ್ದಾರಿಯಲ್ಲಿ ಅದು ಇರಲಿ. ಒಕ್ಕಣೆಯ ಕಾಲದ ಹಳ್ಳಿರಸ್ತೆಯಲ್ಲಿ, ಜಾತ್ರೆಯ ದಾರಿಯಲ್ಲಿ, ಕಾಮಗಾರಿ ನಡೆದಲ್ಲಿ ಸ್ಟೀರಿಂಗು ಎಳೆಯುವ ಭಾಗವನ್ನಷ್ಟೇ ಆರಿಸುವುದು ಲೇಸು. ತಾನೇ ಬ್ರೇಕು ಹಾಕುವ ಭಾಗವನ್ನು ಅದರೊಡನೆ ಆರಿಸಬೇಕಾಗಿಲ್ಲ.

ಮಾರುವವರು ‘ಎರಡನೆಯ ಹಂತ’ದ ಕಾರು ಎಂದು ಹೆಮ್ಮೆಯಿಂದ ಹೇಳುತ್ತಾರೆ. ವಾಹನಗಳು ತಾವಾಗಿ ನಡೆಯುವ ಸಾಮರ್ಥ್ಯವನ್ನು ತಜ್ಞರು 0ಯಿಂದ 5ರವರೆಗೆ ಹಂತಗಳಾಗಿ ವಿಂಗಡಿಸಿದ್ದಾರೆ. ಎರಡನೆಯ ಹಂತದಲ್ಲಿ ಯಂತ್ರವು ನೆರವು ನೀಡುತ್ತದೆಯೇ ಹೊರತು ದಾರಿಯ ಮೇಲೆ ಕಣ್ಣಿಡುವ ಹೊಣೆ ಪೂರ್ತಿಯಾಗಿ ಚಾಲಕನದೇ. 1988ರ ಮೋಟಾರು ವಾಹನ ಕಾಯಿದೆಯ 184ನೆಯ ಕಲಮು ಅಪಾಯಕರ ಚಾಲನೆಗೆ ಶಿಕ್ಷೆ ವಿಧಿಸುವುದು ವಾಹನ ನಡೆಸುವವನಿಗೆ. “ಕಾರು ತಾನೇ ತಿರುಗಿತು” ಎಂಬ ಮಾತು ಪಾದಯಾತ್ರೆಗೆ ಹೊರಟ ಮಗನನ್ನು ಕಳೆದುಕೊಂಡ ತಾಯಿಯ ಮುಂದೆಯೂ ನಿಲ್ಲುವಂಥದ್ದಲ್ಲ.

ನಮ್ಮಲ್ಲಿಗೆ ಬಂದಿದ್ದ ಹಿರಿಯರಿಗೆ ನಾವು ಇದನ್ನೆಲ್ಲ ವಿವರಿಸಿ, ಕಾರಿನೊಡನೆ ಬಂದ ಕೈಪಿಡಿಯನ್ನು ಮಗನಿಂದ ಓದಿಸಿ ಕೇಳಬೇಕೆಂದೂ, ಚಾಲಕನನ್ನು ಎದುರಿಗೆ ಕೂಡಿಸಿಕೊಳ್ಳಬೇಕೆಂದೂ ತಿಳಿಸಿದೆವು. ಇಂಡಿಕೇಟರ್ ಹಾಕುವ ರೂಢಿಯು ಆ ಚಾಲಕನಿಗೆ ಬಂದರೆ ಲಾಭವಾಗುವುದು ಆ ಒಂದು ಕಾರಿಗಷ್ಟೇ ಅಲ್ಲ. ಆ ದೀಪವನ್ನು ಹಿಂದೆ ಬರುವ ಬೈಕಿನವನೂ ನೋಡುತ್ತಾನೆ, ಎದುರಿನಿಂದ ಬರುವ ಸಾರಿಗೆ ಬಸ್ಸಿನ ಚಾಲಕನೂ ನೋಡುತ್ತಾನೆ. ಸರಿಯುವ ಮುನ್ನ ಸುತ್ತಲಿನವರಿಗೆ ತಿಳಿಸಿ ಸರಿಯಬೇಕೆಂಬ ಮರ್ಯಾದೆಯನ್ನು ರಸ್ತೆಯ ನಿಯಮವು ಎಂದಿನಿಂದಲೂ ಹೇಳುತ್ತ ಬಂದಿತ್ತು. ನಾವು ಹಾರ್ನಿನಲ್ಲಿಯೇ ಎಲ್ಲವನ್ನೂ ಮುಗಿಸುತ್ತಿದ್ದೆವು.

ಹಾಗೆಯೇ ಚಕ್ಕಡಿ, ಟ್ರ್ಯಾಕ್ಟರುಗಳುಳ್ಳ ಬಂಧುಗಳಲ್ಲಿಯೂ ಒಂದು ಬಿನ್ನಹ. ಚಕ್ಕಡಿಯ ಹಿಂದೆ, ಟ್ರೇಲರಿನ ಹಿಂಬದಿಗೆ ಹೊಳೆಯುವ ಕೆಂಪು ಪಟ್ಟಿಯನ್ನು ಅಂಟಿಸಿರಿ. ಅಲ್ಪ ಖರ್ಚಿನ ಆ ಪಟ್ಟಿ ಕಾರಿನ ಕಣ್ಣಿಗೆ ಕಂಡೀತೋ ಇಲ್ಲವೋ, ಮನುಷ್ಯನ ಕಣ್ಣಿಗಂತೂ ಬಹು ದೂರದಿಂದ ಕಾಣುತ್ತದೆ. ಸುಗ್ಗಿಯೂ ಜಾತ್ರೆಯೂ ಕೂಡಿಬರುವ ದಿನಗಳಲ್ಲಿ ಮನೆಯಿಂದ ಹೊರಟವರೆಲ್ಲರೂ ಕ್ಷೇಮವಾಗಿ ಮನೆ ಸೇರಲಿ ಎಂದು ಹಾರೈಸುತ್ತೇವೆ. ಶರಣು ಶರಣಾರ್ಥಿ.